ಶಾಲೆಯಲ್ಲಿ ಸೀಲು ಮಾಡುವುದಕ್ಕೆ ಲೇಸರ್ ಯಂತ್ರ ಬೇಕೇ?

ಪ್ರಶ್ನೆ: ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು ಬರೆದ ದೀರ್ಘ ಪತ್ರದ ಸಾರಾಂಶ ಹೀಗಿದೆ: “ನಮ್ಮ ಅಟಲ್ ಟಿಂಕರಿಂಗ್ ಲ್ಯಾಬಿನ 3ಡಿ ಪ್ರಿಂಟರಿನಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಸೀಲು ತಯಾರಿಸುತ್ತಿದ್ದಾರೆ. ಗ್ರಂಥಾಲಯದ ಪುಸ್ತಕಗಳಿಗೆ ಒಂದು ಸೀಲು, ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೋಡಿ ಬಿಡಿಸಿದ ಕೆಲವು ವಿನ್ಯಾಸಗಳು, ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಹಚ್ಚುವ ಚೀಟಿಯ ಹೆಸರು, ಹೀಗೆ ಹಲವು. ಆದರೆ ಒತ್ತಿದಾಗ ನಡುವೆ ಶಾಯಿ ಹಿಡಿಯುವುದಿಲ್ಲ, ಅಂಚಿನಲ್ಲಿ ಮೆತ್ತಿಕೊಳ್ಳುತ್ತದೆ, ಅಕ್ಷರಗಳು ಮುಚ್ಚಿಹೋಗುತ್ತವೆ. ಹಳೆಯ ವಿದ್ಯಾರ್ಥಿಯೊಬ್ಬರು ನೀಲಿ ಬೆಳಕಿನ, ತೆರೆದ ಚೌಕಟ್ಟಿನ ಸಣ್ಣ ಲೇಸರ್ ಯಂತ್ರ ಕೊಡಿಸಲು ಸಿದ್ಧರಿದ್ದಾರೆ. ಪಾಲಕರಲ್ಲಿ ಕೆಲವರು ‘ಅದರಿಂದ ರೇಡಿಯೇಶನ್ ಬರುತ್ತದೆ’ ಎಂದು ಹೆದರುತ್ತಾರೆ. ನಮ್ಮ ಸಹೋದ್ಯೋಗಿಯೊಬ್ಬರು ‘ಕಪ್ಪು ಕನ್ನಡಕ ಹಾಕಿಕೊಂಡರಾಯಿತು’ ಎನ್ನುತ್ತಾರೆ. ಯಾರ ಮಾತು ಸರಿ? ಹಳೆಯ ಸೈಕಲ್ ಟ್ಯೂಬು, ರೆಕ್ಸಿನ್ ತುಂಡುಗಳನ್ನು ಅದರಲ್ಲಿ ಕೆತ್ತಬಹುದೇ? ಮಕ್ಕಳು ಸೀಲು ಮಾಡುವುದರಿಂದ ಕಾನೂನಿನ ತೊಂದರೆಯೇನಾದರೂ ಇದೆಯೇ?”

ಉತ್ತರ: ಮಾಸ್ತರರೇ, ನಿಮ್ಮ ಸಂದೇಹಗಳಲ್ಲಿ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಎರಡನೆಯದರ ಭಾರ ಅರ್ಧಕ್ಕರ್ಧ ಇಳಿಯುತ್ತದೆ. ಅಚ್ಚು ಸರಿಯಾಗಿ ಮೂಡುತ್ತಿಲ್ಲವೆಂಬ ಕಾರಣಕ್ಕೆ ನಿಮ್ಮ ಮನಸ್ಸು ಲೇಸರಿನ ಕಡೆಗೆ ಹೋಗಿದೆ. ದೋಷವಿರುವುದು ಪ್ರಿಂಟರಿನಲ್ಲಲ್ಲ, ಕಾಗದಕ್ಕೆ ತಾಗುವ ಮುಖವನ್ನು ಯಾವ ವಸ್ತುವಿನಿಂದ, ಯಾವ ಮಗ್ಗುಲಾಗಿ ಮುದ್ರಿಸಿದ್ದೀರಿ ಎಂಬುದರಲ್ಲಿ. ಸೀಲು ಮತ್ತು ಲೇಸರ್ ಕೆತ್ತನೆಯ ವೃತ್ತಿಯಲ್ಲಿರುವ ನಾನು ಇದನ್ನು ಹೇಳುವಾಗ ಯಂತ್ರ ಬೇಡವೆಂದು ಒಮ್ಮೆಲೇ ತಳ್ಳಿಹಾಕುತ್ತಿಲ್ಲ. ಅದರ ಸರದಿ ಕೊನೆಗೆ ಬರಲಿ ಎನ್ನುತ್ತಿದ್ದೇನೆ.

ನಿಮ್ಮ ಮಕ್ಕಳು ಮಾಡಿದ ಸೀಲಿನ ಮುಖವನ್ನು ಒಂದು ಭೂತಗನ್ನಡಿಯಲ್ಲಿ ನೋಡಿ. ಪ್ರಿಂಟರಿನ ನಳಿಕೆ ಎಳೆ ಎಳೆಯಾಗಿ ಹಾಸಿದ ಗೆರೆಗಳು ಒಂದರ ಪಕ್ಕ ಒಂದು ಏರುತಗ್ಗಾಗಿ ಕಾಣುತ್ತವೆ. ಅಕ್ಷರದ ಅಂಚಿನ ಎಳೆ ಒಳಗಿನ ಎಳೆಗಳಿಗಿಂತ ಕೂದಲೆಳೆಯಷ್ಟು ಎತ್ತರವಿರುವುದೂ ಉಂಟು. ಪಿಎಲ್‌ಎ ಎಂಬ ಈ ಪ್ಲಾಸ್ಟಿಕ್ ಗಟ್ಟಿಯಾದದ್ದು, ಒತ್ತಿದರೆ ಸ್ವಲ್ಪವೂ ಬಾಗುವುದಿಲ್ಲ. ಹಾಗಾಗಿ ಎತ್ತರದ ಭಾಗ ಮಾತ್ರ ಕಾಗದಕ್ಕೆ ತಾಗುತ್ತದೆ, ತಗ್ಗಿನ ಭಾಗ ತಾಗುವುದೇ ಇಲ್ಲ. ನಡುವೆ ತಾಗದೆ ಉಳಿದ ಶಾಯಿ ಅಂಚಿಗೆ ಜಾರಿ ಅಲ್ಲಿ ಮೆತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಮಾಡಿದ ರಬ್ಬರ್ ಸೀಲು ಚೆನ್ನಾಗಿ ಮೂಡುವುದು ಅದರ ಅಕ್ಷರ ಹೆಚ್ಚು ನುಣುಪಾಗಿದೆಯೆಂಬ ಒಂದೇ ಕಾರಣಕ್ಕಲ್ಲ, ಮೇಜಿನ ಮತ್ತು ಕಾಗದದ ಸಣ್ಣಪುಟ್ಟ ಏರುತಗ್ಗಿಗೆ ರಬ್ಬರು ತಾನೇ ಹೊಂದಿಕೊಳ್ಳುತ್ತದೆ ಎಂಬುದಕ್ಕೆ. ರಬ್ಬರಿನ ಗಡಸುತನವನ್ನು ಅಳೆಯುವ ಶೋರ್ ಎ ಮಾಪಕದಲ್ಲಿ ಸೀಲಿನ ರಬ್ಬರು ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿರುತ್ತದೆ. ಪಿಎಲ್‌ಎ ಆ ಮಾಪಕಕ್ಕೇ ಸಿಗದಷ್ಟು ಗಟ್ಟಿ.

ಇದಕ್ಕೆ ತೀರಾ ಸರಳವಾದ ಪರಿಹಾರವೊಂದಿದೆ. ಮೇಜಿನ ಮೇಲೆ ಗಾಜು ಇಟ್ಟು, ಅದರ ಮೇಲೆ ನುಣ್ಣನೆಯ ಸ್ಯಾಂಡ್‌ಪೇಪರ್ ಹಾಸಿ, ಸೀಲಿನ ಮುಖವನ್ನು ಸುತ್ತುಸುತ್ತಾಗಿ ಉಜ್ಜಿಸಿ. ಒತ್ತುವಾಗ ಕಾಗದದ ಕೆಳಗೆ ಹಳೆಯ ಮೌಸ್‌ಪ್ಯಾಡ್ ಇಡಿಸಿ. ಸೀಲಿಗೆ ಇಲ್ಲದ ಮೆತುತನವನ್ನು ಕಾಗದದ ಅಡಿಯಿಂದ ಕೊಟ್ಟಂತಾಗುತ್ತದೆ. ಗೆರೆ ದಪ್ಪವಿರುವ ವಿನ್ಯಾಸಗಳು ಇಷ್ಟಕ್ಕೇ ಸುಧಾರಿಸುತ್ತವೆ. ಗ್ರಂಥಾಲಯದ ಸೀಲಿಗೆ ಮಾತ್ರ ಇದು ಸಾಲದು, ಏಕೆಂದರೆ ಪುಸ್ತಕದ ಪುಟದ ಕೆಳಗೆ ಪ್ರತಿ ಸಲವೂ ಮೌಸ್‌ಪ್ಯಾಡ್ ತೂರಿಸುತ್ತಾ ಕೂರುವವರು ಯಾರು?

ಆದ್ದರಿಂದ ನಾನು ಹೇಳುವ ಮುಖ್ಯ ದಾರಿ ಬೇರೆ. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆಗಳಲ್ಲಿ (ಫಿಲಮೆಂಟ್) ಟಿಪಿಯು ಎಂಬ ಬಾಗುವ ಎಳೆಯನ್ನು ತರಿಸಿ. ಸಾಮಾನ್ಯವಾಗಿ ಸಿಗುವ ಟಿಪಿಯು ಶೋರ್ ಎ 95ರಷ್ಟಿರುತ್ತದೆ, ರಬ್ಬರಿನಷ್ಟು ಮೆತ್ತಗಲ್ಲದಿದ್ದರೂ ಪಿಎಲ್‌ಎಗಿಂತ ಎಷ್ಟೋ ವಾಸಿ. ಮಕ್ಕಳು ಈಗ ಮಾಡುತ್ತಿರುವಂತೆ ಹಲಗೆಯ ಮೇಲೆ ಅಕ್ಷರ ಮೇಲ್ಮುಖವಾಗಿ ಎದ್ದುನಿಲ್ಲುವ ಹಾಗೆ ಮುದ್ರಿಸಬೇಡಿ. ಹಲಗೆಯನ್ನೇ ಬಿಟ್ಟು, ಅಕ್ಷರಗಳನ್ನು ಮಾತ್ರ ಸುಮಾರು 2 ಮಿ.ಮೀ. ದಪ್ಪಕ್ಕೆ ನೇರವಾಗಿ ಪ್ರಿಂಟರಿನ ಗಾಜಿನ ಹಾಸಿನ ಮೇಲೆ ಮುದ್ರಿಸಿ. ಗಾಜಿಗೆ ತಾಗಿದ ಮೊದಲ ಪದರವೇ ಮುಂದೆ ಸೀಲಿನ ಮುಖವಾಗುವುದರಿಂದ ಅದು ಗಾಜಿನಷ್ಟೇ ಸಪಾಟಾಗಿರುತ್ತದೆ. ಮುದ್ರಣ ಮುಗಿದ ಮೇಲೆ ಒಂದು ಮರದ ತುಂಡಿಗೆ ಎರಡೂ ಬದಿ ಅಂಟುವ ಫೋಮ್ ಟೇಪು ಹಚ್ಚಿ, ಹಾಸಿನ ಮೇಲಿರುವ ಅಕ್ಷರಗಳ ಬೆನ್ನಿಗೆ ಒತ್ತಿ ಮೇಲೆತ್ತಿದರೆ ಎಲ್ಲ ಅಕ್ಷರಗಳೂ ಇದ್ದ ಜಾಗದಲ್ಲಿಯೇ ಮರಕ್ಕೆ ಅಂಟಿಕೊಂಡು ಬರುತ್ತವೆ. ಟಿಪಿಯುವಿನಲ್ಲಿ ಕಡಿಮೆಬಿದ್ದ ಮೆತುತನವನ್ನು ಆ ಫೋಮು ತುಂಬಿಕೊಡುತ್ತದೆ. ಅಕ್ಷರಗಳ ನಡುವೆ ಟೇಪಿನ ಅಂಟು ತೆರೆದೇ ಇರುವುದರಿಂದ ಅದರ ಮೇಲೆ ಮುಖದ ಪೌಡರನ್ನು ಚಿಟಿಕೆಯಷ್ಟು ಉದುರಿಸಿ ಊದಿಬಿಡಿ. ಇಲ್ಲದಿದ್ದರೆ ಮೊದಲ ಒತ್ತಿಗೇ ಕಾಗದ ಸೀಲಿನ ಜೊತೆ ಎದ್ದುಬರುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುತ್ತಾರೆ. ಸೀಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಮುಖ ಕೆಳಗಾಗಿ ಮುದ್ರಿಸುವಾಗ ಪರದೆಯ ಮೇಲೆ, ಅಂದರೆ ಮೇಲಿನಿಂದ ನೋಡುವಾಗ, ಅಕ್ಷರ ನೇರವಾಗಿಯೇ ಓದಿಸಬೇಕು. ಸೀಲನ್ನು ಕಾಗದದ ಮೇಲೆ ಊರಿದಾಗ ಮೇಲಿನಿಂದ ಅದರ ಮೂಲಕ ಕಾಣುವಂತಿದ್ದರೆ ಅಕ್ಷರ ಹೇಗೆ ಕಾಣಬೇಕೋ ಹಾಗೆ. ಮುಖ ಮೇಲಾಗಿ ಮುದ್ರಿಸಿದರೆ ಮಾತ್ರ ತಿರುಗಿಸಬೇಕು. ಇದನ್ನು ಕಪ್ಪುಹಲಗೆಯ ಮೇಲೆ ವಿವರಿಸುವ ಬದಲು ಪಾರದರ್ಶಕ ಹಾಳೆಯ ಮೇಲೆ ಬರೆದು ಮಗುಚಿ ತೋರಿಸಿದರೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ.

ಇನ್ನು ಅಕ್ಷರಗಳು ಮುಚ್ಚಿಹೋಗುವ ವಿಚಾರ. ಇದು ಕನ್ನಡದಲ್ಲಿ ಹೆಚ್ಚಾಗಿ ಕಾಡುವ ತೊಂದರೆ, ಇಂಗ್ಲಿಷ್ ಅಕ್ಷರಗಳನ್ನು ಇಟ್ಟುಕೊಂಡು ಬರೆದ ಕೈಪಿಡಿಗಳನ್ನು ನೆಚ್ಚಿಕೊಂಡರೆ ಸಾಲದು. ನಿಮ್ಮ ಸೀಲಿನಲ್ಲಿರುವ ‘ಪ್ರೌಢಶಾಲೆ’, ‘ಗ್ರಂಥಾಲಯ’ ಎಂಬ ಎರಡೇ ಶಬ್ದಗಳನ್ನು ತೆಗೆದುಕೊಳ್ಳಿ. ಢಕಾರಕ್ಕೂ ಡಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಸೀಳು ಮಾತ್ರ. ಆ ಸೀಳಿನ ಅಕ್ಕಪಕ್ಕದ ಜಾಗ ಪ್ಲಾಸ್ಟಿಕ್ಕಿನಿಂದಲೋ ಶಾಯಿಯಿಂದಲೋ ತುಂಬಿಕೊಂಡರೆ ನಿಮ್ಮದು ‘ಪ್ರೌಡಶಾಲೆ’ಯಾಗುತ್ತದೆ. ಥಕಾರದ ಒಳಗಿನ ಚುಕ್ಕಿ ಅಂಚಿಗೆ ಮೆತ್ತಿಕೊಂಡರೆ ಅದು ಧಕಾರದಂತೆ ಓದಿಸುತ್ತದೆ. ಕೆಳಗಿನ ಸೀಳೂ ಮುಚ್ಚಿದರೆ ‘ಗ್ರಂದಾಲಯ’. ಕನ್ನಡ ಮಾಸ್ತರರು ಸಹಿಸಿಯಾರೇ!

ಇದಕ್ಕೆ ಕಾರಣ ಎರಡು. ನಿಮ್ಮ ಪ್ರಿಂಟರಿನ ನಳಿಕೆಯ ರಂಧ್ರ ಬಹುಶಃ 0.4 ಮಿ.ಮೀ. ಇರುತ್ತದೆ, ಅಷ್ಟಕ್ಕಿಂತ ಕಿರಿದಾದ ಗೆರೆಯನ್ನು ಅದು ಎಳೆಯಲಾರದು, ಅಷ್ಟೇ ಕಿರಿದಾದ ಸಂದನ್ನು ಉಳಿಸಲಾರದು. ಎರಡನೆಯದಾಗಿ, ಮೊದಲ ಪದರವನ್ನು ಯಂತ್ರ ಹಾಸಿಗೆ ಅದುಮಿ ಹಚ್ಚುವುದರಿಂದ ಅದು ಸ್ವಲ್ಪ ಅಗಲಕ್ಕೆ ಹರಡುತ್ತದೆ. ಬೇರೆ ವಸ್ತುಗಳನ್ನು ಮುದ್ರಿಸುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಹರಡುವಿಕೆ, ಸೀಲಿನ ಮುಖವೇ ಮೊದಲ ಪದರವಾದಾಗ ಸೀಳನ್ನು ನುಂಗಿಹಾಕುತ್ತದೆ. ವಿನ್ಯಾಸವನ್ನು ಪದರಪದರವಾಗಿ ವಿಂಗಡಿಸಿ ಪ್ರಿಂಟರಿಗೆ ಕೊಡುವ ಸ್ಲೈಸರ್ ತಂತ್ರಾಂಶದಲ್ಲಿ ಮೊದಲ ಪದರವನ್ನು ಇಷ್ಟು ಕಿರಿದುಗೊಳಿಸು ಎಂದು ಹೇಳುವ ಅವಕಾಶವಿರುತ್ತದೆ, 0.1ರಿಂದ 0.2 ಮಿ.ಮೀ. ವರೆಗೆ ಕೊಟ್ಟು ನೋಡಿ. ಗೆರೆಗೂ ಸಂದಿಗೂ ಕನಿಷ್ಠ 0.8 ಮಿ.ಮೀ. ಇರಲಿ. ಒತ್ತಕ್ಷರಗಳಿರುವ ಕನ್ನಡ ಸಾಲಿಗೆ, ಒತ್ತನ್ನು ಬಿಟ್ಟು, ಅಕ್ಷರದ ಎತ್ತರ 7 ಮಿ.ಮೀ.ಗಿಂತ ಕಡಿಮೆಯಾದರೆ ಈ ಬಗೆಯ ಪ್ರಿಂಟರಿನಿಂದ ಒಳ್ಳೆಯ ಅಚ್ಚನ್ನು ನಿರೀಕ್ಷಿಸಬೇಡಿ. ಫಾಂಟಿನ ವಿಷಯದಲ್ಲಿ, ದಪ್ಪ ಅಕ್ಷರವೇ ಸೀಲಿಗೆ ಒಳ್ಳೆಯದೆಂಬ ನಂಬಿಕೆ ತಪ್ಪು. ‘ಬಾಲೂ ತಮ್ಮ’ ಎಂಬಂತಹ ಗುಂಡುಗುಂಡಾದ ಫಾಂಟಿನ ಅತಿ ದಪ್ಪ ರೂಪ ಫಲಕಕ್ಕೆ ಸೊಗಸು, ಆದರೆ ಅದರ ಹೊಟ್ಟೆಗಳು ಕಿರಿದು. ನೋಟೋ ಸ್ಯಾನ್ಸ್ ಕನ್ನಡದ ಮಧ್ಯಮ ದಪ್ಪ ಸೀಲಿಗೆ ಹೆಚ್ಚು ಹೊಂದುತ್ತದೆ.

ವಿನ್ಯಾಸ ತಂತ್ರಾಂಶದೊಳಗೇ ಕನ್ನಡ ಟೈಪು ಮಾಡಿಸಬೇಡಿ. ಹಲವು ಸರಳ 3ಡಿ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕೂರುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಯುನಿಕೋಡಿನಲ್ಲಿ ಟೈಪು ಮಾಡಿ, ಅಕ್ಷರವನ್ನು ಆಕಾರವಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಒಯ್ದರೆ ಈ ತಲೆನೋವಿಲ್ಲ.

ಕಾವಿ ಚಿತ್ರಗಳನ್ನು ಆರಿಸಿಕೊಂಡದ್ದು ಒಳ್ಳೆಯ ಆಯ್ಕೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಮಣ್ಣಿನ ಪದರ ಹಚ್ಚಿ, ಬೇಕಾದಲ್ಲಿ ಅದನ್ನು ಕೆರೆದು ಬಿಳಿಯನ್ನು ಹೊರಗೆ ತರುವ ಕಲೆ ಅದು. ಎರಡೇ ಬಣ್ಣ, ನಡುವೆ ಛಾಯೆಯಿಲ್ಲ, ಅಂಚು ಖಚಿತ. ಸೀಲಿಗೆ ಬೇಕಾದದ್ದೂ ಅದೇ. ಮುಂದೆ ಮಕ್ಕಳು ಹಸೆ ಚಿತ್ತಾರಕ್ಕೆ ಕೈ ಹಾಕಿದರೆ ಮಾತ್ರ ಅದರ ಸಪೂರ ಗೆರೆಗಳನ್ನು ದಪ್ಪಗೊಳಿಸಿ, ಗೆರೆಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕಾದೀತು. ಇಲ್ಲವೇ ಅದನ್ನು ಲೇಸರಿಗೆ ಬಿಡಬೇಕು.

ಮಳೆಗಾಲದ ಮಾತೊಂದು ಉಳಿದಿದೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ಎಳೆ ತೇವ ಹೀರುತ್ತದೆ, ಟಿಪಿಯು ಅಂತೂ ಬೇಗನೆ. ನಳಿಕೆಯಲ್ಲಿ ಚಿಟಿಚಿಟಿ ಸದ್ದು, ಅಕ್ಷರದಿಂದ ಅಕ್ಷರಕ್ಕೆ ಜೇಡರ ಬಲೆಯಂತಹ ನೂಲು ಕಂಡರೆ ಯಂತ್ರ ಕೆಟ್ಟಿತೆಂದು ತಿಳಿಯಬೇಡಿ, ಎಳೆ ಒದ್ದೆಯಾಗಿದೆ. ಪಿಎಲ್‌ಎಯನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. 60 ಡಿಗ್ರಿಯ ಹತ್ತಿರ ಅದು ಮೆತ್ತಗಾಗತೊಡಗುತ್ತದೆ. ಟಿಪಿಯು ಇನ್ನೂ ಸ್ವಲ್ಪ ಹೆಚ್ಚು ಶಾಖ ತಾಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆ ಇಟ್ಟು ಒಣಗಿಸಿದವರನ್ನೂ ನಾನು ಕಂಡಿದ್ದೇನೆ; ಎಳೆ ಒಣಗುವುದೇನೋ ಒಣಗಿತ್ತು, ಹಿಡಿದ ಮಸಿ ನಳಿಕೆಯನ್ನು ಕಟ್ಟಿಹಾಕಿತ್ತು.

ಈಗ ಲೇಸರ್. ಪಾಲಕರು ಹೆದರುವ ಅರ್ಥದ ರೇಡಿಯೇಶನ್ ಇದರಲ್ಲಿಲ್ಲ. ಇದು ಎಕ್ಸ್-ರೇ ಅಲ್ಲ, ಬೆಳಕು. ಸ್ವಿಚ್ಚು ಆರಿಸಿದ ಮೇಲೆ ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಪಾಲಕರ ಹೆದರಿಕೆ ತಪ್ಪು ಹೆಸರಿನದಾದರೂ ಪೂರ್ತಿ ತಪ್ಪಲ್ಲ, ನಿಮ್ಮ ಸಹೋದ್ಯೋಗಿಯ ಧೈರ್ಯ ಮಾತ್ರ ಪೂರ್ತಿ ತಪ್ಪು. ನೀಲಿ ಡಯೋಡ್ ಲೇಸರಿನ ಬೆಳಕು ಸುಮಾರು 450 ನ್ಯಾನೋಮೀಟರ್ ತರಂಗಾಂತರದ್ದು. ಕಣ್ಣಿನ ಮಸೂರ ಅದನ್ನು ತಡೆಯುವುದಿಲ್ಲ, ಬದಲಿಗೆ ಒಟ್ಟುಗೂಡಿಸಿ ಅಕ್ಷಿಪಟಲದ ಮೇಲೆ ಒಂದು ಚುಕ್ಕಿಯಾಗಿ ಬೀಳಿಸುತ್ತದೆ. ಕೆತ್ತನೆಗೆ ಬಳಸುವ ತೆರೆದ ಯಂತ್ರಗಳು ನಾಲ್ಕನೆಯ ವರ್ಗದ, ಅಂದರೆ ಅತಿ ಅಪಾಯಕಾರಿ ವರ್ಗದ ಲೇಸರುಗಳು. ನೇರ ಕಿರಣವಿರಲಿ, ಹೊಳಪಿನ ಸ್ಕೇಲಿಗೋ ಸ್ಟೀಲಿನ ತುಂಡಿಗೋ ತಗುಲಿ ಚಿಮ್ಮಿದ ಕಿರಣವೂ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು. ಕಪ್ಪು ಕನ್ನಡಕ ಎಲ್ಲ ಬೆಳಕನ್ನೂ ಸ್ವಲ್ಪ ಸ್ವಲ್ಪ ತಗ್ಗಿಸುತ್ತದೆಯೇ ಹೊರತು ಈ ತರಂಗಾಂತರವನ್ನು ತಡೆಯುವುದಕ್ಕೆ ಮಾಡಿದ್ದಲ್ಲ. ಮೇಲಾಗಿ ಮಬ್ಬಿನಲ್ಲಿ ಪಾಪೆ ಹಿಗ್ಗಿ ಇನ್ನಷ್ಟು ಬೆಳಕು ಒಳಹೋಗಲು ದಾರಿಯಾಗುತ್ತದೆ. ಬೇಕಾದದ್ದು ಆ ತರಂಗಾಂತರಕ್ಕೆಂದೇ ಗುರುತು ಹಾಕಿದ ಕನ್ನಡಕ, ಅದೂ ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಕಿಟಕಿಯಿಂದ ಇಣುಕಿದರೂ ಈ ಲೆಕ್ಕ ತಪ್ಪುತ್ತದೆ.

ಸೀಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಇರುವ ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣ 10.6 ಮೈಕ್ರೋಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಪಾರದರ್ಶಕ ಅಕ್ರಿಲಿಕ್ ಮುಚ್ಚಳ ತಡೆಯುತ್ತದೆ. ಇದನ್ನು ನೋಡಿ, ನೀಲಿ ಲೇಸರಿಗೂ ಅಂಥದೇ ಮುಚ್ಚಳ ಮಾಡಿಸಿದರಾಯಿತೆಂದು ಹಲವರು ಹೇಳುತ್ತಾರೆ. ಹಾಗಾಗುವುದಿಲ್ಲ, ಪಾರದರ್ಶಕ ಅಕ್ರಿಲಿಕ್ಕಿನ ಮೂಲಕ ನೀಲಿ ಬೆಳಕು ಸರಾಗವಾಗಿ ಹೊರಬರುತ್ತದೆ.

ಹೊಗೆಯ ವಿಷಯವನ್ನು ಯಾರೂ ಕೇಳುವುದಿಲ್ಲ, ನೀವು ರೆಕ್ಸಿನ್ ಎಂದು ಬರೆದದ್ದರಿಂದ ನಾನೇ ಹೇಳುತ್ತೇನೆ. ರೆಕ್ಸಿನ್ ಸಾಮಾನ್ಯವಾಗಿ ಪಿವಿಸಿ ಲೇಪಿಸಿದ ಬಟ್ಟೆ. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಲೇಸರ್ ತಾಗಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ನಮ್ಮ ತೇವದ ಗಾಳಿಯಲ್ಲಿ ಅದು ಆಮ್ಲವಾಗಿ ಮಕ್ಕಳ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ಒಟ್ಟಿಗೇ ತಿನ್ನುತ್ತದೆ. ಇದನ್ನು ಯಾವ ಕಾರಣಕ್ಕೂ ಕೆತ್ತಕೂಡದು. ಸೈಕಲ್ ಟ್ಯೂಬು ಬ್ಯುಟೈಲ್ ರಬ್ಬರಿನದು. ಅದರಲ್ಲಿ ಏನೇನು ಬೆರೆಸಿದ್ದಾರೆಂದು ಹೊರಗಿನಿಂದ ತಿಳಿಯದು, ತೆಳುವಾಗಿ ಬಾಗಿಯೂ ಇರುತ್ತದೆ, ಹೊಗೆ ವಿಪರೀತ. ಲೇಸರಿಗೆ ಅದು ಬೇಡ. ಆದರೆ ಅದೇ ಟ್ಯೂಬನ್ನು ಕತ್ತರಿಯಿಂದ ಆಕಾರ ಕತ್ತರಿಸಿ ಮರದ ತುಂಡಿಗೆ ಅಂಟಿಸಿದರೆ ಸೊಗಸಾದ ಸೀಲಾಗುತ್ತದೆ, ಶಾಯಿಯನ್ನೂ ಚೆನ್ನಾಗಿ ಹಿಡಿಯುತ್ತದೆ.

ಗುರುತು ಗೊತ್ತಿಲ್ಲದ ವಸ್ತುವಿನಲ್ಲಿ ಕ್ಲೋರಿನ್ ಇದೆಯೇ ಎಂದು ನೋಡಲು ನಿಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿಯೇ ಬೈಲ್‌ಸ್ಟೈನ್ ಪರೀಕ್ಷೆ ಮಾಡಬಹುದು. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಬಣ್ಣ ಬಾರದಾಗುವವರೆಗೆ ಕಾಯಿಸಿ, ಬಿಸಿಯಿರುವಾಗಲೇ ವಸ್ತುವಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಕಂಡರೆ ಅದು ಲೇಸರಿಗೆ ನಿಷಿದ್ಧ. ಪರೀಕ್ಷೆಯಲ್ಲಿಯೂ ಅಲ್ಪಪ್ರಮಾಣದ ವಿಷಾನಿಲ ಹುಟ್ಟುವುದರಿಂದ ಅದನ್ನು ಗಾಳಿಯಾಡುವ ಜಾಗದಲ್ಲಿ ನೀವೇ ಮಾಡಿ, ಮಕ್ಕಳು ದೂರದಿಂದ ನೋಡಲಿ.

ಹಾಗಿದ್ದರೆ ನುಣುಪಾದ, ಸಣ್ಣ ಅಕ್ಷರದ ರಬ್ಬರ್ ಸೀಲು ಬೇಕಾದಾಗ ಏನು ಮಾಡುವುದು? ವಿನ್ಯಾಸ ಶಾಲೆಯಲ್ಲಿ ಆಗಲಿ, ಕೆತ್ತನೆ ಪೇಟೆಯಲ್ಲಿ ಆಗಲಿ. ಲೇಸರಿಗೆಂದೇ ತಯಾರಾದ 2.3 ಮಿ.ಮೀ. ದಪ್ಪದ ರಬ್ಬರ್ ಹಾಳೆ ಎ4 ಅಳತೆಯಲ್ಲಿ ಸಿಗುತ್ತದೆ. 4 ಸೆಂ.ಮೀ. ಚೌಕದ ಸೀಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದು ಹಾಳೆಯಲ್ಲಿ 35 ಹಿಡಿಯುತ್ತವೆ; ಹೆಚ್ಚುಕಡಿಮೆ ಒಂದು ತರಗತಿಗೆ ಒಂದು ಹಾಳೆ. ಸೀಲಿನ ಕೆತ್ತನೆಗೆ ಹೊಂದಿಸಿದ ಯಂತ್ರ ಅಕ್ಷರದ ಬದಿಗಳನ್ನು ನೆಟ್ಟಗೆ ಕಡಿಯದೆ ಬುಡ ಅಗಲವಾಗುವಂತೆ ಇಳಿಜಾರಾಗಿ ಕೆತ್ತುತ್ತದೆ, ಇದರಿಂದ ಸಪೂರ ಗೆರೆಯೂ ಒತ್ತುವಾಗ ಅಡ್ಡ ಬಾಗುವುದಿಲ್ಲ. ಶಿರಸಿ, ಕುಮಟಾ, ಕಾರವಾರದಂತಹ ಪೇಟೆಯ ಎಲ್ಲ ಸೀಲಿನ ಅಂಗಡಿಗಳಲ್ಲಿಯೂ ಲೇಸರ್ ಇರುತ್ತದೆಂದಲ್ಲ. ಕೆಲವರು ದ್ರವ ಪಾಲಿಮರನ್ನು ಫಿಲ್ಮಿನ ಕೆಳಗಿಟ್ಟು ಅತಿನೇರಳೆ ಬೆಳಕಿನಲ್ಲಿ ಗಟ್ಟಿಮಾಡುತ್ತಾರೆ. ಆ ವಿಧಾನಕ್ಕೂ ನಿಮ್ಮ ಮಕ್ಕಳ ಅದೇ ಎಸ್‌ವಿಜಿ ಕಡತ ಸಾಕು. ಸಾಧ್ಯವಿದ್ದರೆ ಮಕ್ಕಳನ್ನು ನಾಲ್ಕಾರು ಜನರ ಗುಂಪಾಗಿ ಕರೆದೊಯ್ದು ತೋರಿಸಿ. ಕೆತ್ತಿದ ರಬ್ಬರು ಹೊರಬಂದಾಗ ಕಾಡಿಗೆ ಮೆತ್ತಿದಂತಿರುತ್ತದೆ. ಹಲ್ಲುಜ್ಜುವ ಬ್ರಶ್ಶು, ಸೋಪಿನ ನೀರು ಹಾಕಿ ತಿಕ್ಕಿದರೆ ಅಕ್ಷರ ಒಂದೊಂದಾಗಿ ಎದ್ದುಬರುತ್ತದೆ. ಈ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಎಣ್ಣೆ ಆಧಾರಿತ ಶಾಯಿ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಆದ್ದರಿಂದ ಸಾಮಾನ್ಯ ಸ್ಟಾಂಪ್ ಪ್ಯಾಡಿನ ಶಾಯಿಯನ್ನೇ ಬಳಸಿ.

ಬಟ್ಟೆಯ ಮೇಲೆ ಒತ್ತುವ ದೊಡ್ಡ ವಿನ್ಯಾಸಗಳಿಗೆ ಇವೆಲ್ಲ ಬೇಡ, ಸ್ಟೇಶನರಿ ಅಂಗಡಿಯ ಇವಿಎ ಫೋಮ್ ಶೀಟು, ಕತ್ತರಿ, ಮರದ ತುಂಡು ಸಾಕು. ಈಗಾಗಲೇ ಮಾಡಿಟ್ಟ ಪಿಎಲ್‌ಎ ಸೀಲುಗಳನ್ನೂ ಎಸೆಯಬೇಡಿ. ಹಸಿ ಜೇಡಿಮಣ್ಣಿನ ಮೇಲೆ ಒತ್ತಲು ಅವುಗಳ ಗಡಸುತನವೇ ಅನುಕೂಲ. ಉಪ್ಪಿನಕಾಯಿಯ ಸೀಲು ಹೊರಗಿನ ಚೀಟಿಗೆ ಮಾತ್ರ ಮೀಸಲಿರಲಿ. ತೊಡೆದೇವು ಎಂಬ ಸಿಹಿತಿಂಡಿಯ ಮೇಲೆ ಒತ್ತಿ ನೋಡೋಣವೆಂದು ಯಾರಾದರೂ ಹೊರಟರೆ ತಡೆಯಿರಿ, ಸಂದಿಗೊಂದಿಯಲ್ಲಿ ಕುಳಿತ ಶಾಯಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ದಾನಿಗಳಿಗೆ ಏನು ಹೇಳಬೇಕೆಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ಒಳಗಿರುವ ಪ್ರಶ್ನೆ ಅದೇ. ತೆರೆದ ಚೌಕಟ್ಟಿನ ಯಂತ್ರವನ್ನು ಶಾಲೆಗೆ ತರಬೇಡಿ, ಉಚಿತವಾಗಿ ಬಂದರೂ ಬೇಡ. ಸುತ್ತಲೂ ಮುಚ್ಚಿದ, ಮುಚ್ಚಳ ತೆರೆದೊಡನೆ ಕಿರಣ ತಾನಾಗಿ ನಿಲ್ಲುವ, ಹೊಗೆಯನ್ನು ಕೊಳವೆಯ ಮೂಲಕ ಕಟ್ಟಡದ ಹೊರಗೆ ಬಿಡುವ ಯಂತ್ರವನ್ನೇ ಕೊಡಿಸಲು ಅವರು ಒಪ್ಪಿದರೆ ಸ್ವೀಕರಿಸಿ. ಕೊಳವೆಯ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಯಂತ್ರದೊಳಗೆ ಇಳಿಯುತ್ತದೆ. ಬೆಂಕಿ ನಂದಿಸುವ ಸಾಧನ ಪಕ್ಕದಲ್ಲಿರಬೇಕು, ಯಂತ್ರ ನಡೆಯುವಷ್ಟು ಹೊತ್ತು ತರಬೇತಾದ ದೊಡ್ಡವರೊಬ್ಬರು ಅದರ ಎದುರಿನಿಂದ ಏಳಕೂಡದು. ಅಷ್ಟು ಹೊತ್ತು ಕೂರಬಲ್ಲವರು ನಿಮ್ಮಲ್ಲಿ ಇಲ್ಲವಾದರೆ, ಅದೇ ಹಣದಲ್ಲಿ ಟಿಪಿಯು ಎಳೆ, ಎಳೆ ಒಣಗಿಸುವ ಪೆಟ್ಟಿಗೆ ಮತ್ತು ಕರೆಂಟು ಹೋದಾಗ ಪ್ರಿಂಟರನ್ನು ನಡೆಸುವ ಯುಪಿಎಸ್ ಕೊಡಿಸಿ ಎಂದು ಕೇಳುವುದು ಲೇಸು.

ಕಾನೂನಿನ ಬಗ್ಗೆ: ಸೀಲು ಮಾಡುವುದೇ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 341ನೆಯ ಕಲಮು ಶಿಕ್ಷೆ ವಿಧಿಸುವುದು ನಕಲಿ ದಾಖಲೆ ಸೃಷ್ಟಿಸುವ ಉದ್ದೇಶದಿಂದ ಖೋಟಾ ಮೊಹರು ಮಾಡುವುದಕ್ಕೆ ಮತ್ತು ಇಟ್ಟುಕೊಳ್ಳುವುದಕ್ಕೆ. ಗ್ರಂಥಾಲಯದ ಸೀಲಿಗೋ ಕಾವಿ ಹೂವಿಗೋ ಆ ಭಯವಿಲ್ಲ. ಆದರೆ ಭಾರತದ ಸಿಂಹಲಾಂಛನವನ್ನು ವಿನ್ಯಾಸದಲ್ಲಿ ಬಳಸಬೇಡಿ, 2005ರ ರಾಜ್ಯ ಲಾಂಛನ ಕಾಯಿದೆ ಅದರ ಅನುಚಿತ ಬಳಕೆಯನ್ನು ನಿಷೇಧಿಸಿದೆ. ಕರ್ನಾಟಕ ಸರ್ಕಾರದ ಗಂಡಭೇರುಂಡ ಲಾಂಛನವನ್ನೂ ಕೈಬಿಡಿ. ‘ಮುಖ್ಯಾಧ್ಯಾಪಕರು’ ಎಂಬ ಪದನಾಮದ ಸೀಲು, ಶಾಲೆಯ ಅಧಿಕೃತ ದುಂಡು ಮೊಹರು, ಯಾರದೇ ಸಹಿಯ ಪಡಿಯಚ್ಚು ಮಕ್ಕಳ ಅಭ್ಯಾಸದ ವಸ್ತುವಾಗಬಾರದು. ಗ್ರಂಥಾಲಯದ ಸೀಲು ಕಚೇರಿಯ ಮೊಹರಿನಂತೆ ಕಾಣದಿರಲೆಂದು ಅದನ್ನು ದುಂಡಗೆ ಮಾಡದೆ ಆಯತಾಕಾರದಲ್ಲಿ ಮಾಡಿ, ‘ಗ್ರಂಥಾಲಯದ ಪ್ರತಿ’ ಎಂಬ ಮಾತನ್ನು ಎಲ್ಲಕ್ಕಿಂತ ದೊಡ್ಡದಾಗಿ ಇಡಿ. ಕೆತ್ತನೆಗೆ ಪೇಟೆಗೆ ಕಳುಹಿಸುವಾಗ ಮುಖ್ಯಾಧ್ಯಾಪಕರ ಒಪ್ಪಿಗೆ ಪತ್ರ ಜೊತೆಗಿರಲಿ. ಸಂಸ್ಥೆಯ ಹೆಸರಿರುವ ಸೀಲಿಗೆ ನಮ್ಮಲ್ಲಿ ಹಲವು ಅಂಗಡಿಯವರು ಅದನ್ನು ಕೇಳುತ್ತಾರೆ, ಕೇಳುವುದೇ ಸರಿ.